ಸಾಂಕ್ರಿಗೆ ಹೊರಟಿರುವ ಕನ್ನಡದ ಚಾರಣಿಗರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಚಾರಣಿಗರೇ,

ಡಿಸೆಂಬರ್ ಹತ್ತಿರ ಬಂತು. ನಿಮ್ಮಲ್ಲಿ ಎಷ್ಟೋ ಜನರಿಗೆ ಆಫೀಸಿನಲ್ಲಿ ರಜೆ ಸಿಕ್ಕಿರುತ್ತದೆ. ಡೆಹ್ರಾಡೂನ್‌ಗೆ ಟಿಕೆಟ್ ಆಗಿರುತ್ತದೆ, ದಪ್ಪ ಜಾಕೆಟ್ಟೂ ಮನೆಗೆ ಬಂದಿರುತ್ತದೆ. ಕೆಲವರು ಕೇದಾರಕಾಂಠಕ್ಕೆ, ಕೆಲವರು ಹರ್ ಕಿ ದೂನ್ ಕಣಿವೆಗೆ. ಎರಡಕ್ಕೂ ಹೊರಡುವ ಊರು ಒಂದೇ, ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಾಂಕ್ರಿ. ಡೆಹ್ರಾಡೂನ್‌ನಿಂದ ಸುಮಾರು ಇನ್ನೂರು ಕಿಲೋಮೀಟರ್. ಇಡೀ ಒಂದು ಹಗಲಿನ ದಾರಿ. ಆ ದಾರಿಯಲ್ಲಿ ನಿದ್ದೆ ಬಾರದಿದ್ದರೆ ಇದನ್ನು ಓದಿ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ನಾನು ಕಳಸದ ಹತ್ತಿರ, ಸಂಸೆ ಕಡೆಯವನು. ಕುದುರೆಮುಖ ಹತ್ತಲು ಬರುವವರು ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಜೀಪು ಹತ್ತಿ ಮುಳ್ಳೋಡಿಗೆ ಹೋಗುತ್ತಾರೆ. ಶನಿವಾರ ಬೆಳಗಿನ ಜಾವ ಬೆಂಗಳೂರಿನ ಟಿಟಿ (ಟೆಂಪೋ ಟ್ರಾವೆಲರ್) ಬಂದು ನಿಂತರೆ ನಮ್ಮ ನಾಯಿ ಬೊಗಳುವುದನ್ನೂ ಬಿಟ್ಟಿದೆ. ಅಷ್ಟು ಅಭ್ಯಾಸ. ಒಮ್ಮೆ ಒಬ್ಬ ಹುಡುಗಿ ಬೂಟು ಹಾಕಿಕೊಂಡೇ ನಮ್ಮ ಜಗಲಿ ದಾಟಿ ಒಳಗೆ ಬಂದು, 'ಆಂಟಿ, ವಾಶ್‌ರೂಮ್ ಎಲ್ಲಿ?' ಅಂದಳು. ಅಮ್ಮ ಏನೂ ಅನ್ನಲಿಲ್ಲ, ಕೈ ತೋರಿಸಿದರು. ಅವಳು ಹೋದ ಮೇಲೆ ಆಗಷ್ಟೇ ಸಾರಿಸಿದ್ದ ನೆಲವನ್ನು ಮತ್ತೆ ಸಾರಿಸಿದರು. ನನಗೆ ಸಿಟ್ಟು ಬಂದಿತ್ತು. 'ಇದೇನು ಇವರಪ್ಪನ ಮನೆಯಾ?' ಅಂದಿದ್ದೆ. ಅಮ್ಮ, 'ಪಾಪ, ಅವಸರ ಇತ್ತೇನೋ' ಅಂದರು.

ಅದೇ ನಾನು, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ, ಸಾಂಕ್ರಿಯಲ್ಲಿ ಗಾಡಿ ಇಳಿದಾಗ ಆ ಹುಡುಗಿ ಮಾಡಿದ್ದನ್ನೇ ಮಾಡಿದೆ. ಬೂಟು ಹಾಕಿಕೊಂಡು ಬೇರೆಯವರ ಮನೆಗೆ ನುಗ್ಗಿದೆ. ಆದರೆ ನುಗ್ಗಿದ್ದು ಮನೆ ಅಂತಲೇ ನನಗೆ ಗೊತ್ತಾಗಲಿಲ್ಲ. ಕಾಡು ಅಂದುಕೊಂಡಿದ್ದೆ. ಪತ್ರ ಬರೆಯುತ್ತಿರುವುದು ಅದಕ್ಕೇ.

ಸಾಂಕ್ರಿ ತಲುಪುವ ಮೊದಲು ನೈಟ್ವಾರ್ ಅಂತ ಒಂದು ಜಾಗ ಬರುತ್ತದೆ. ರೂಪಿನ್, ಸೂಪಿನ್ ಎಂಬ ಎರಡು ಹೊಳೆಗಳು ಅಲ್ಲಿ ಕೂಡಿ ಟೌನ್ಸ್ ನದಿಯಾಗುತ್ತವೆ. ಮುಂದೆ ಈ ಟೌನ್ಸ್ ಯಮುನೆ ಸೇರುತ್ತದೆ. ಸೇರುವ ಕಡೆ ಯಮುನೆಗಿಂತ ಇದರಲ್ಲೇ ನೀರು ಜಾಸ್ತಿ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇರುವುದೂ ನೈಟ್ವಾರ್‌ನಲ್ಲೇ. ಗೋವಿಂದ್ ಪಶು ವಿಹಾರ್ ರಾಷ್ಟ್ರೀಯ ಉದ್ಯಾನ ಅಂತ ಬೋರ್ಡ್ ಕಾಣುತ್ತದೆ. 1955ರಲ್ಲಿ ಅಭಯಾರಣ್ಯ ಮಾಡಿದರು, 1990ರಲ್ಲಿ ಒಳಗಿನ ಎತ್ತರದ ಭಾಗವನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ಉತ್ತರ ಪ್ರದೇಶದ ಮೊದಲ ಮುಖ್ಯಮಂತ್ರಿ ಗೋವಿಂದ ವಲ್ಲಭ ಪಂತರ ಹೆಸರು. ಹಿಮಚಿರತೆ, ಕಂದು ಕರಡಿ, ಕಸ್ತೂರಿ ಮೃಗ, ಮೋನಾಲ್ ಹಕ್ಕಿ ಎಲ್ಲ ಬೋರ್ಡಿನ ಮೇಲಿವೆ. ಹಿಮಚಿರತೆ ನಿಮಗೆ ಕಾಣುವುದಿಲ್ಲ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

ಬೋರ್ಡಿನ ಮೇಲೆ ಇಲ್ಲದ್ದು ಒಂದಿದೆ. ಊರುಗಳು. ಸೌರ್, ಕೋಟ್‌ಗಾಂವ್, ತಾಲುಕಾ, ದಾತ್ಮಿರ್, ಗಂಗಾಡ್, ಓಸ್ಲಾ, ಜಖೋಲ್, ಲಿವಾಡಿ, ಫಿತಾಡಿ. ಇವು ಉದ್ಯಾನದ ಪಕ್ಕದ ಊರುಗಳಲ್ಲ, ಆ ಕಾಡಿನ ನಡುವಿನ ಊರುಗಳು. ಬೋರ್ಡ್ ನೆಡುವ ಎಷ್ಟೋ ಕಾಲ ಮೊದಲೇ ಅಲ್ಲಿ ದೇವಸ್ಥಾನ ಇತ್ತು, ಹೊಲ ಇತ್ತು, ಕುರಿ ಮೇಯಿಸುವ ಹಾದಿ ಇತ್ತು. ಕುದುರೆಮುಖವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದ ಮೇಲೆ ಒಳಗಿನ ಮನೆಗಳವರು ಒಂದು ರಸ್ತೆಗೆ, ಒಂದು ಕರೆಂಟ್ ಕಂಬಕ್ಕೆ ಎಷ್ಟು ಅರ್ಜಿ ಬರೆದರು ಅಂತ ನಮ್ಮ ಕಡೆಯವರನ್ನು ಕೇಳಿ. ಓಸ್ಲಾದ ಜಗಲಿಯಲ್ಲಿ ಕೂತು ನಾನು ಕೇಳಿದ ಕಥೆಯೂ ಹೆಚ್ಚು ಕಡಿಮೆ ಅದೇ. ಭಾಷೆ ಮಾತ್ರ ಬೇರೆ.

ಮೊದಲ ಸಲ ನಾನು ಹೋಗಿದ್ದು ಕೇದಾರಕಾಂಠಕ್ಕೆ, ಡಿಸೆಂಬರ್ ಕೊನೆಯ ವಾರ. ಒಂದು ಚಾರಣ ಕಂಪನಿಯ ಜೊತೆ. ಹೆಸರು ಬೇಡ, ಎಲ್ಲರೂ ಹೀಗೇ ಅಂತಲೂ ನಾನು ಹೇಳುವುದಿಲ್ಲ. ಬ್ಯಾಗ್ ಆಫ್‌ಲೋಡ್ ಮಾಡುವ ಸೌಲಭ್ಯ ಇತ್ತು. ದಿನಕ್ಕಿಷ್ಟು ದುಡ್ಡು ಕಟ್ಟಿದರೆ ನಿಮ್ಮ ಬ್ಯಾಗನ್ನು ಹೇಸರಗತ್ತೆಯೋ ಪೋರ್ಟರೋ ಹೊರುತ್ತಾರೆ. ನಾನು ಕಟ್ಟಿದೆ. ಆ ಬ್ಯಾಗಿನಲ್ಲಿ ಏನಿತ್ತು ಗೊತ್ತಾ? ಎರಡು ಪವರ್ ಬ್ಯಾಂಕು, ಒಂದು ಟ್ರೈಪಾಡು, ಒಂದು ಜೊತೆ ಜೀನ್ಸು (ಹಿಮದಲ್ಲಿ ಜೀನ್ಸು!), ಮತ್ತೆ ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಡಬ್ಬಿ. ತೂಕ ಹಾಕಿದಾಗ ಹನ್ನೊಂದು ಕಿಲೋ ಬಂತು. ಕೋಡುಬಳೆ ಒಂದನ್ನು ಬಿಟ್ಟು ಬೇರೆ ಯಾವುದೂ ಬೇಕಾಗಲಿಲ್ಲ.

ಎರಡನೇ ರಾತ್ರಿ ಹಿಮದ ಮೇಲೆ ಟೆಂಟು. ಒಂದು ಗಂಟೆಗೆ ಎಚ್ಚರವಾಯಿತು, ಹೊರಗೆ ಹೋಗಲೇಬೇಕಾಯಿತು. ವಾಪಸ್ ಬರುವಾಗ ಅಡುಗೆ ಟೆಂಟಿನ ಬಾಗಿಲು ಅರ್ಧ ತೆರೆದಿತ್ತು. ಟಾರ್ಚಿನ ಬೆಳಕು ಒಳಗೆ ಬಿತ್ತು. ನನ್ನ ಬ್ಯಾಗು ಹೊತ್ತ ಹುಡುಗ ಆಲೂಗಡ್ಡೆ ಚೀಲಕ್ಕೂ ಗ್ಯಾಸ್ ಸಿಲಿಂಡರಿಗೂ ನಡುವೆ ಮುದುಡಿ ಮಲಗಿದ್ದ. ಮೇಲೆ ಎರಡು ಕಂಬಳಿ. ಕೆಳಗೆ ಚಾಪೆಯಂಥದ್ದು ಏನೋ. ಪಕ್ಕದಲ್ಲಿ ಇನ್ನೂ ಇಬ್ಬರು. ಒಲೆಯ ಹತ್ತಿರ ಮೂರು ಜೊತೆ ರಬ್ಬರ್ ಗಂಬೂಟುಗಳು, ಒಳಗೆ ಹುಲ್ಲು ತುರುಕಿದ್ದರು. ನಾನು ಹೋಗಿ ಮೈನಸ್ ಹತ್ತು ಡಿಗ್ರಿ ತಡೆಯುವ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಕೊಂಡೆ. ಬೆಳಗಾಗುವವರೆಗೂ ನಿದ್ದೆ ಬರಲಿಲ್ಲ. ಎದ್ದ ಮೇಲೆ, 'ರಾತ್ರಿ ಚಳಿ ಆಗಲಿಲ್ವಾ?' ಅಂತ ಅವನನ್ನು ಕೇಳಿದೆ. ನಕ್ಕು, 'ಆದತ್ ಹೈ ಸರ್' ಅಂದ. ಅಭ್ಯಾಸ ಆಗಿದೆಯಂತೆ. ನಮ್ಮ ನಾಯಿಗೆ ಟಿಟಿ ಅಭ್ಯಾಸ ಆದ ಹಾಗೆ.

ಚಳಿಗೆ ಅಭ್ಯಾಸ ಅನ್ನುವುದೇ ಇಲ್ಲ. ಬೆಟ್ಟದವರ ಬೆರಳೂ ನಮ್ಮ ಬೆರಳಿನ ಹಾಗೆಯೇ ಕಪ್ಪಾಗುತ್ತದೆ.

ಅದಕ್ಕೇ ನಾನು ನಿಮ್ಮಲ್ಲಿ ಕೇಳುವುದು ಒಂದೇ ವಿಷಯ. ದುಡ್ಡು ಕಟ್ಟುವ ಮೊದಲು ಕಂಪನಿಯವರಿಗೆ ಒಂದು ಪ್ರಶ್ನೆ ಬರೆದು ಕಳಿಸಿ: ನನ್ನ ಬ್ಯಾಗು ಹೊರುವವನು, ನನಗೆ ಅಡುಗೆ ಮಾಡುವವನು ರಾತ್ರಿ ಎಲ್ಲಿ, ಏನು ಹೊದ್ದು ಮಲಗುತ್ತಾನೆ? ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. ಬರೆದು ಉತ್ತರ ಕೊಡಿ ಅನ್ನಿ. ಈ ಒಂದು ಪ್ರಶ್ನೆ ಕೇಳಿದರೆ ಮಿಕ್ಕಿದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಅವನು ಎಷ್ಟು ಕಿಲೋ ಹೊರುತ್ತಾನೆ? ಕಾಲಿಗೆ ಏನು ಹಾಕಿರುತ್ತಾನೆ? ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು? ನಿಮ್ಮ ಹೆಸರಿನಲ್ಲಿ ಇನ್ಶೂರೆನ್ಸ್ ಮಾಡಿಸುತ್ತಾರಲ್ಲ, ಅವನ ಹೆಸರಿನಲ್ಲಿ ಇದೆಯಾ? ಊಟದ ಮೆನುವಿನಲ್ಲಿ ಗುಲಾಬ್ ಜಾಮೂನು ಇದೆಯಾ ಅಂತ ಕೇಳುವವರು ನಾವು. ಇದನ್ನೂ ಕೇಳಬಹುದು, ಅಲ್ವಾ?

ಬೆಂಗಳೂರಿನಲ್ಲೇ ಆಫೀಸು ಇಟ್ಟುಕೊಂಡು ಹಿಮಾಲಯಕ್ಕೆ ಜನರನ್ನು ಕರೆದೊಯ್ಯುವ ಕಂಪನಿಗಳು ಸಾಕಷ್ಟಿವೆ. ಗಿರಾಕಿ ಕೇಳಿದ್ದನ್ನು ಕೊಡುವುದು ಅವರ ವ್ಯಾಪಾರ. ನಾವು ಕೇಳುವುದು ರಿಯಾಯಿತಿ ಒಂದನ್ನೇ ಆದರೆ ಆ ರಿಯಾಯಿತಿ ಯಾರ ಕಂಬಳಿಯಿಂದ ಬರುತ್ತದೆ ಅಂತ ಯೋಚನೆ ಮಾಡಿ. ಚೆನ್ನಾಗಿ ನಡೆಸುವವರೂ ಇದ್ದಾರೆ, ಅವರಿಗೆ ಈ ಪ್ರಶ್ನೆಯಿಂದ ತೊಂದರೆ ಏನೂ ಇಲ್ಲ. ಖುಷಿಯಿಂದಲೇ ಉತ್ತರ ಬರೆಯುತ್ತಾರೆ.

ಆ ಸಲ ತುದಿ ಹತ್ತಿದ ದಿನದ ಕಥೆಯನ್ನೂ ಹೇಳಿಬಿಡುತ್ತೇನೆ. ಕೇದಾರಕಾಂಠ ಸುಮಾರು 3,800 ಮೀಟರ್. ನಮ್ಮ ಕುದುರೆಮುಖದ ಎರಡರಷ್ಟು. ನಡುರಾತ್ರಿ ದಾಟಿದ ಮೇಲೆ ಹೊರಟೆವು. ಹೊರಟವರು ನಾವೊಬ್ಬರೇ ಅಲ್ಲ. ಮೇಲೆ ನೋಡಿದರೂ ಟಾರ್ಚಿನ ಸಾಲು, ಕೆಳಗೆ ನೋಡಿದರೂ ಟಾರ್ಚಿನ ಸಾಲು. ಧರ್ಮಸ್ಥಳದ ದೀಪೋತ್ಸವ ನೆನಪಾಯಿತು. ಕಿರಿದಾದ ಕಡೆ ನಿಂತು ನಿಂತು ಕಾಲು ಮರಗಟ್ಟಿತು. ಬೆಳಗಾಗಿ ಗಾಳಿ ಎದ್ದಾಗ ನಮ್ಮ ಗೈಡು, ಸೌರ್ ಊರಿನವನು, ಇನ್ನು ಸಾಕು, ಇಳಿಯೋಣ ಅಂದ. ನಮ್ಮಲ್ಲಿ ಇಬ್ಬರು ಒಪ್ಪಲಿಲ್ಲ. 'ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ' ಅನ್ನುವ ಮಾತೂ ಬಂತು. ಅವನು ಸುಮ್ಮನಾದ. ನಾವು ಹತ್ತಿದೆವು, ಫೋಟೋ ತೆಗೆಸಿಕೊಂಡೆವು, ಇಳಿದೆವು. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವುದೇ ದೊಡ್ಡ ಅಪಾಯ ನೋಡಿ. ಮುಂದಿನ ಸಲವೂ ಏನೂ ಆಗುವುದಿಲ್ಲ ಅಂದುಕೊಳ್ಳುತ್ತೇವೆ.

2024ರ ಜೂನ್ ನಿಮಗೆ ನೆನಪಿರಬಹುದು. ಅದೇ ಉತ್ತರಕಾಶಿ ಜಿಲ್ಲೆ, ಸಹಸ್ರತಾಲ್ ಎಂಬ ಎತ್ತರದ ಸರೋವರಗಳಿಗೆ ಹೋಗುವ ಚಾರಣದ ಹಾದಿ. 22 ಜನರ ತಂಡ, ಹೆಚ್ಚಿನವರು ಕರ್ನಾಟಕದವರು. ವಾಪಸ್ ಬರುವಾಗ ಹಿಮಗಾಳಿಗೆ ಸಿಕ್ಕಿಕೊಂಡರು. 9 ಮಂದಿ ತೀರಿಕೊಂಡರು. ವಾಯುಸೇನೆಯ ಹೆಲಿಕಾಪ್ಟರ್‌ಗಳು ಹೋದವು, ನಮ್ಮ ರಾಜ್ಯದ ಸಚಿವರೊಬ್ಬರು ಡೆಹ್ರಾಡೂನ್‌ಗೆ ಹೋಗಿ ನಿಂತು ಉಳಿದವರನ್ನು ಕರೆತಂದರು. ಆ ಸಾವುಗಳಿಗೆ ಯಾರು ಹೊಣೆ ಅಂತ ದೂರದಲ್ಲಿ ಕೂತು ಹೇಳುವವನು ನಾನಲ್ಲ. ಸತ್ತವರಲ್ಲಿ ಅನುಭವಿ ಚಾರಣಿಗರಿದ್ದರು, ವಯಸ್ಸಾದವರಿದ್ದರು. ಅದು ಜೂನ್ ತಿಂಗಳು ಅನ್ನುವುದು ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ಬೇಸಿಗೆಯಲ್ಲೇ ಹಾಗೆ ಆದರೆ ಡಿಸೆಂಬರ್ ಲೆಕ್ಕ ಏನು? ಆ ಸುದ್ದಿ ಕೇಳಿದ ದಿನ ಸೌರ್‌ನ ಆ ಗೈಡಿಗೆ ಫೋನು ಮಾಡಿದೆ. ಅವತ್ತು ನಿನ್ನ ಮಾತು ಕೇಳಬೇಕಿತ್ತು ಅಂದೆ. ಅವನು ಮಳೆ ಹೇಗಿದೆ ನಿಮ್ಮ ಕಡೆ ಅಂತ ಕೇಳಿದ.

ಗೈಡಿನ ಮಾತು ಮೀರಬೇಡಿ. ಇದರಲ್ಲಿ ವಾದ ಮಾಡುವಂಥದ್ದು ಏನೂ ಇಲ್ಲ.

ಎರಡನೇ ಸಲ ನಾನು ಕಂಪನಿ ಹಿಡಿಯಲಿಲ್ಲ. ಅಕ್ಟೋಬರಿನಲ್ಲಿ ಹೋಗಿ, ಅದೇ ಗೈಡಿನ ಜೊತೆ ತಾಲುಕಾದಿಂದ ನಡೆದು ಓಸ್ಲಾದಲ್ಲಿ ಒಂದು ಮನೆಯಲ್ಲಿ ಉಳಿದೆ. ಬೆನ್ನ ಮೇಲಿನ ಬ್ಯಾಗು ನನ್ನದೇ, ಏಳು ಕಿಲೋ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಾದಿಯುದ್ದಕ್ಕೂ ಸೂಪಿನ್ ಹೊಳೆಯ ಸದ್ದು. ಗಂಗಾಡ್ ಹತ್ತಿರ ಹೊಳೆಯ ಪಕ್ಕದಲ್ಲಿ ಪುಟ್ಟ ಗುಡಿಸಲುಗಳು. ಒಳಗೆ ನೀರಿನಿಂದ ತಿರುಗುವ ಬೀಸುವ ಕಲ್ಲು. ಘರಾಟ್ ಅನ್ನುತ್ತಾರೆ. ಹಿಟ್ಟಿನ ವಾಸನೆ ಹಾದಿಗೆಲ್ಲ ಹರಡಿತ್ತು. ಹೊಲಗಳು ಕೆಂಪು. ರಾಜಗಿರಿ ಬೆಳೆ, ನಮ್ಮ ದಂಟಿನ ಜಾತಿಯದು. ಮನೆಗಳು ದೇವದಾರು ಮರ ಮತ್ತು ಕಲ್ಲಿನವು. ಕೆಳಗೆ ದನ, ಮೇಲೆ ಜನ. ದನದ ಬಿಸಿಯೂ ಮನೆಗೆ ಬೇಕು ಅಲ್ಲಿ.

ಸಂಜೆ ಮನೆಯ ದೀದಿ ಕಪ್ಪು ರೊಟ್ಟಿ ಕೊಟ್ಟರು, ಮೇಲೆ ತುಪ್ಪ. ಬಾಯಿಗಿಟ್ಟ ತಕ್ಷಣ ಗೊತ್ತಾಯಿತು. ರಾಗಿ! ಅವರು ಮಂಡುವಾ ಅನ್ನುತ್ತಾರೆ. ನಾವು ಇದನ್ನು ಮುದ್ದೆ ಮಾಡುತ್ತೇವೆ, ಅಗಿಯದೆ ನುಂಗುತ್ತೇವೆ ಅಂತ ಕೈಸನ್ನೆ ಮಾಡಿ ತೋರಿಸಿದೆ. ಅವರ ಅತ್ತೆ ನಕ್ಕಿದ್ದು ಇನ್ನೂ ಕಣ್ಣ ಮುಂದಿದೆ. ಉತ್ತರಾಖಂಡದ ಈ ಮಂಡುವಾಕ್ಕೂ, ಕೆಂಪಕ್ಕಿಗೂ 2023ರಲ್ಲಿ ಜಿಐ ಟ್ಯಾಗ್, ಅಂದರೆ ಆ ನೆಲದ್ದೇ ಬೆಳೆ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಕೆಂಪಕ್ಕಿ ಬೆಳೆಯುವ ಪುರೋಲಾ ಬಯಲನ್ನು ನೀವು ಸಾಂಕ್ರಿಗೆ ಹೋಗುವಾಗ ದಾಟಿಯೇ ಹೋಗುತ್ತೀರಿ. ಹಾಗಿದ್ದೂ ಕ್ಯಾಂಪುಗಳಲ್ಲಿ ನಮಗೆ ಬಡಿಸುವುದು ನೂಡಲ್ಸು, ಪಾಸ್ತಾ. ಡೆಹ್ರಾಡೂನ್‌ನಿಂದ ಹೊತ್ತು ತಂದ ಪಾಸ್ತಾ ಯಾರಿಗೆ ಬೇಕು ಹೇಳಿ? ಅಲ್ಲಿನ ರಾಜ್ಮಾ ಒಂದು ಸಲ ತಿಂದರೆ ಗೊತ್ತಾಗುತ್ತದೆ.

ಓಸ್ಲಾದ ನಡುವೆ ಕೆತ್ತನೆಯ ಮರದ ದೇವಸ್ಥಾನ. ನಿಮ್ಮ ಟ್ರೆಕ್ ಲೀಡರು ಇದು ದುರ್ಯೋಧನನ ಗುಡಿ ಅಂತ ಹೇಳಿಯೇ ಹೇಳುತ್ತಾನೆ. ಯಕ್ಷಗಾನದಲ್ಲಿ ಕೌರವನ ವೇಷ ನೋಡಿ ಬೆಳೆದ ನನಗೂ ಅದನ್ನು ಕೇಳಿ ಮೈ ಜುಮ್ಮೆಂದಿತ್ತು. ಪಾಂಡವರು ಸ್ವರ್ಗಕ್ಕೆ ಹೋದರು ಅನ್ನುವ ಸ್ವರ್ಗಾರೋಹಿಣಿ ಶಿಖರ ಮೇಲೆ, ಕೌರವನ ಗುಡಿ ಕೆಳಗೆ. ಎಂಥ ಕಥೆ! ಆದರೆ ಊರಿನವರನ್ನು ಕೇಳಿದರೆ, ಇದು ಸೋಮೇಶ್ವರ ಅನ್ನುತ್ತಾರೆ. ನಮ್ಮ ದೇವರು ಸೋಮೇಶ್ವರ, ಮಿಕ್ಕಿದ್ದು ಹೊರಗಿನವರು ಕಟ್ಟಿದ ಕಥೆ ಅನ್ನುತ್ತಾರೆ. ಈ ದೇವರು ಒಂದೇ ಕಡೆ ಕೂರುವವನಲ್ಲ. ಪಲ್ಲಕ್ಕಿಯಲ್ಲಿ ಊರಿಂದ ಊರಿಗೆ ಹೋಗುತ್ತಾನೆ. ನಮ್ಮ ಕಡೆ ದೈವಗಳ ಬಗ್ಗೆ ಯಾರೋ ಹೊರಗಿನವರು ಬಂದು ನಮಗೇ ಪಾಠ ಹೇಳಿದರೆ ಹೇಗಾಗುತ್ತದೆ? ಕಥೆ ಕೇಳಿ, ಬೇಡ ಅನ್ನುವುದಿಲ್ಲ. ಅವರ ಜಗಲಿಯಲ್ಲಿ ನಿಂತು ಅವರ ದೇವರಿಗೆ ಇನ್ನೊಂದು ಹೆಸರಿಟ್ಟು ರೀಲ್ಸ್ ಮಾಡಬೇಡಿ.

ಆ ಮನೆಗಳ ಬಗ್ಗೆ ಇನ್ನೊಂದು ಮಾತು. ಒಂದಕ್ಕೊಂದು ಅಂಟಿಕೊಂಡ ಮರದ ಮನೆಗಳು, ಅಟ್ಟದಲ್ಲಿ ಚಳಿಗಾಲಕ್ಕೆ ಕೂಡಿಟ್ಟ ಹುಲ್ಲು. 2018ರ ಫೆಬ್ರವರಿಯಲ್ಲಿ, ಸಾಂಕ್ರಿ, ಓಸ್ಲಾ ಇರುವ ಇದೇ ಮೋರಿ ಸೀಮೆಯ ಸಾವಣಿ ಎಂಬ ಊರಿಗೆ ರಾತ್ರಿ ಬೆಂಕಿ ಬಿದ್ದು ಹತ್ತಾರು ಮನೆ ಸುಟ್ಟುಹೋಯಿತು, ದನಕರು ಸತ್ತವು. 2025ರ ಜನವರಿಯಲ್ಲಿ ಅದೇ ಊರಿಗೆ ಮತ್ತೆ ಬೆಂಕಿ. ಇಂಥ ಕಡೆಗೆ ಫೈರ್ ಇಂಜಿನ್ ಬರುವ ಹೊತ್ತಿಗೆ ಉಳಿಯುವುದು ಬೂದಿ. ಅವೆರಡೂ ಚಾರಣಿಗರಿಂದ ಆದದ್ದಲ್ಲ. ಆದರೂ ಹೋಮ್‌ಸ್ಟೇ ಬಾಲ್ಕನಿಯಲ್ಲಿ ಸಿಗರೇಟು ಹಚ್ಚುವ ಮೊದಲು, 'ಕ್ಯಾಂಪ್‌ಫೈರ್ ಇಲ್ವಾ ಭಯ್ಯಾ' ಅಂತ ರಾಗ ಎಳೆಯುವ ಮೊದಲು ಸಾವಣಿ ಹೆಸರು ನೆನಪಿಸಿಕೊಳ್ಳಿ.

ಹುಲ್ಲುಗಾವಲಿನ ವಿಷಯಕ್ಕೆ ಬರುತ್ತೇನೆ. ಎತ್ತರದ ಹುಲ್ಲುಗಾವಲಿಗೆ ಅಲ್ಲಿ ಬುಗ್ಯಾಲ್ ಅನ್ನುತ್ತಾರೆ. ಬೇಸಿಗೆಯಲ್ಲಿ ಕುರಿ ಕಾಯುವವರು ಹಿಂಡು ಹೊಡೆದುಕೊಂಡು ಅಲ್ಲಿಗೆ ಹತ್ತುತ್ತಾರೆ, ಹಿಮ ಬೀಳುವ ಮೊದಲು ಇಳಿಯುತ್ತಾರೆ. 2018ರ ಆಗಸ್ಟಿನಲ್ಲಿ ಉತ್ತರಾಖಂಡ ಹೈಕೋರ್ಟು ಬುಗ್ಯಾಲ್‌ಗಳಲ್ಲಿ ರಾತ್ರಿ ಉಳಿಯುವಂತಿಲ್ಲ, ದಿನಕ್ಕೆ 200 ಜನಕ್ಕಿಂತ ಜಾಸ್ತಿ ಬಿಡುವಂತಿಲ್ಲ ಅಂತ ಆದೇಶ ಮಾಡಿತು. ಆ ರಾಜ್ಯದ ಇನ್ನೊಂದು ಹೆಸರಾಂತ ಹಾದಿ, ರೂಪಕುಂಡ ಸರೋವರದ ಚಾರಣ ನಿಂತದ್ದು ಅದರಿಂದಲೇ. ಆಗ ನಮ್ಮ ಚಾರಣದ ಗುಂಪುಗಳಲ್ಲಿ ಎಲ್ಲರೂ ಕೋರ್ಟಿಗೆ ಬೈದರು. ನಾನೂ ಬೈದೆ. ಆಮೇಲೆ 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಸಾಲು ನಿಂತ ಫೋಟೋ ಬಂತಲ್ಲ, ಅದನ್ನು ನೋಡಿ ಬಾಯಿ ಮುಚ್ಚಿಕೊಂಡೆ. ನಮ್ಮ ಸರ್ಕಾರವೂ ಆಮೇಲೆ ಆನ್‌ಲೈನ್ ಬುಕಿಂಗ್ ತಂದಿತು, ದಿನಕ್ಕೆ 300 ಅಂತ ಮಿತಿ ಹಾಕಿತು. ಮಿತಿ ಬೇಕು. ಆದರೆ ಮಿತಿ ಹಾಕುವಾಗ ಕುರಿಯವನನ್ನೂ ಟೆಂಟಿನವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರಲ್ಲ, ಅದು ಸರಿಯಲ್ಲ. ಊರಿನವರ ಹೊಟ್ಟೆಗೆ ಹೊಡೆಯದೆ ಟೆಂಟು ಕಡಿಮೆ ಮಾಡುವ ದಾರಿ ಇದೆ. ಚಾರಣಿಗರು ಊರುಗಳ ಮನೆಗಳಲ್ಲೇ ಜಾಸ್ತಿ ಉಳಿಯಬೇಕು, ಅಷ್ಟೇ.

ಕೇದಾರಕಾಂಠದಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಮೇಲೆ ಊರಿಲ್ಲ. ಹಾಗಾದರೆ ಕ್ರಿಸ್‌ಮಸ್ ವಾರ ಬಿಟ್ಟು ಹೋಗಿ. ಹಿಮದ ಮೇಲೆ ನಾವು ಬಿಟ್ಟುಬಂದದ್ದು ಹಿಮದಲ್ಲಿ ಮುಚ್ಚಿಹೋಗುತ್ತದೆ, ನಿಜ. ಮಾರ್ಚಿನಲ್ಲಿ ಹಿಮ ಕರಗಿದಾಗ ಒದ್ದೆ ಟಿಶ್ಯೂ, ಚಾಕೊಲೇಟ್ ಕಾಗದ ಎಲ್ಲ ಒಟ್ಟಿಗೆ ಮೇಲೆ ಬರುತ್ತದೆ. ಆ ನೀರು ಇಳಿಯುವುದು ಕೆಳಗಿನ ಊರುಗಳ ಕಡೆಗೆ. ನಮ್ಮ ಭದ್ರೆ ಹುಟ್ಟುವುದೂ ಕುದುರೆಮುಖದ ಗುಡ್ಡದಲ್ಲೇ. ಗುಡ್ಡದ ಮೇಲೆ ಎಸೆದದ್ದು ಯಾರ ಬಾವಿಗೆ ಬರುತ್ತದೆ ಅಂತ ನಮ್ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಇನ್ನು ನಮ್ಮ ರಾಜ್ಯದ ಪ್ರವಾಸೋದ್ಯಮ ಇಲಾಖೆಯವರು ಈ ಪತ್ರ ನೋಡಿದರೆ ಅವರಿಗೂ ಒಂದು ಸಾಲು. ಇಲ್ಲಿಂದ ಹಿಮಾಲಯಕ್ಕೆ ಜನ ಕಳಿಸುವ ಕಂಪನಿಗಳು, ಸಂಘಗಳು ಹೊರಡುವ ಮೊದಲು ತಂಡದ ಪಟ್ಟಿ, ಹಾದಿ, ವಾಪಸ್ ಬರುವ ದಿನ, ಅಲ್ಲಿನ ಗೈಡು ಮತ್ತು ಪೋರ್ಟರ್‌ಗಳ ವಿಮೆಯ ವಿವರ ಒಂದು ಕಡೆ ದಾಖಲಿಸಲಿ. ದುರಂತ ಆದ ಮೇಲೆ ಸಚಿವರು ವಿಮಾನ ಹತ್ತುವುದಕ್ಕಿಂತ ಅದು ಅಗ್ಗ.

ಓಸ್ಲಾ ಬಿಡುವ ದಿನ ದೀದಿ ಒಂದು ಪೊಟ್ಟಣದಲ್ಲಿ ರಾಜ್ಮಾ ಕಟ್ಟಿಕೊಟ್ಟರು. ದುಡ್ಡು ಕೊಡಲು ಹೋದರೆ ಉಳಿದ ದಿನಗಳದ್ದು ಮಾತ್ರ ತೆಗೆದುಕೊಂಡರು, ರಾಜ್ಮಾದ್ದು ಬೇಡ ಅಂದರು. ನಿಮ್ಮೂರಲ್ಲಿ ಏನು ಬೆಳೆಯುತ್ತೀರಿ ಅಂತ ಕೇಳಿದರು. ಅಡಿಕೆ, ಕಾಫಿ ಅಂದೆ. ಕಾಫಿ ಕುಡಿದೇ ಇಲ್ಲ ಅಂದರು ಅತ್ತೆ. ಅಮ್ಮ ಆ ರಾಜ್ಮಾದಲ್ಲಿ ಒಂದು ಹಿಡಿ ಹಿತ್ತಲಲ್ಲಿ ಬಿತ್ತಿದ್ದಾರೆ. ನಮ್ಮ ಮಳೆಗೆ ಅದು ಬದುಕುವುದು ಅನುಮಾನ.

ನೀವು ಕಂಪನಿಗೆ ಪ್ರಶ್ನೆ ಕಳಿಸಿದ ಮೇಲೆ ಏನು ಉತ್ತರ ಬಂತು ಅಂತ ನನಗೂ ತಿಳಿಸಿ. ಉತ್ತರ ಬರದಿದ್ದರೆ ಅದನ್ನೂ ತಿಳಿಸಿ. ನಿಮ್ಮಲ್ಲಿ ಯಾರಾದರೂ ಈ ವರ್ಷ ಓಸ್ಲಾ ತನಕ ಹೋಗುವವರಿದ್ದರೆ ಹೇಳಿ. ಅರ್ಧ ಕಿಲೋ ಕಾಫಿ ಪುಡಿ ಕಳಿಸುವುದಿದೆ. ನಿಮ್ಮ ಬ್ಯಾಗಿನಲ್ಲೇ ಇರಲಿ, ಆಫ್‌ಲೋಡ್ ಮಾಡಬೇಡಿ.

ಇಂತಿ,
ಸಂಸೆ ಕಡೆಯ ಒಬ್ಬ ಚಾರಣಿಗ